ಕೇಳಿಸುತ್ತಿಲ್ಲ, ಅಧ್ಯಕ್ಷರೇ

ಜೂನ್ ೧೪

ಗೌರವಾನ್ವಿತ ಪ್ರತಿನಿಧಿ ಶಾಯಿಯವರೇ,

ಸಭೆ ಶುರುವಾಗಿದೆ, ದಯವಿಟ್ಟು ಎಲ್ಲರೂ ಕೂತುಕೊಳ್ಳಿ. ನೀನು ಊರು ಬಿಟ್ಟು ಹೋಗಿ ತಿಂಗಳಾಗುತ್ತಾ ಬಂತು, ಒಂದು ಸಾಲು ಕಾಗದವಿಲ್ಲ. ಅಪ್ಪನಿಗೆ ವರ್ಗವಾದರೆ ಮಗಳ ಕೈಗೂ ವರ್ಗವಾಗಿಬಿಡುತ್ತದೇನೇ?

ಮೊನ್ನೆ ಅಮ್ಮ, "ಆ ಕಾಗದ ಗೀಚ್ತಾ ಕೂರೋ ಬದಲು ಒಂದು ಫೋನ್ ಮಾಡಬಾರ್ದಾ? ಲಾಂಡ್ರಿ ಕೌಂಟರ್ ಮೇಲೇ ಇದೆಯಲ್ಲ" ಅಂದಳು. "ಅಮ್ಮಾ, ಅವಳು ಫೋನ್ ಮುಟ್ಟಲ್ಲ" ಅಂದೆ. ಎದುರಿಗಿದ್ದರೆ ನಿನ್ನ ಮುಖ ನೋಡಿಯಾದರೂ ಜನ ಕಾಯುತ್ತಾರೆ, ಫೋನಿನಲ್ಲಿ ಮಾತು ತಡೆದರೆ ಆ ಕಡೆ ಯಾರೂ ಇಲ್ಲ ಅಂದುಕೊಂಡು ಇಟ್ಟುಬಿಡುತ್ತಾರೆ ಅಂತ ಬಿಡಿಸಿ ಹೇಳಿದ ಮೇಲೆ ಒಪ್ಪಿಕೊಂಡಳು. ಅಲ್ಲದೆ ಸಭೆಯಲ್ಲಿ ನಾವು ಚೀಟಿ ಕಳಿಸಿಕೊಂಡೇ ಬೆಳೆದವರು. ಇದೂ ಚೀಟಿಯೇ, ಸ್ವಲ್ಪ ಉದ್ದ ಅಷ್ಟೇ.

ಈ ಸಲದ ಅಣಕು ವಿಶ್ವಸಂಸ್ಥೆ ಡಿಸೆಂಬರಿನಲ್ಲಂತೆ. ಮೂರು ವರ್ಷ ಒಂದೇ ದೇಶದ ಪ್ರತಿನಿಧಿಗಳಾಗಿ, ಆ ದೇಶದ ಹೆಸರಿನ ಫಲಕದ ಹಿಂದೆ ಕೂತೆವು, ಬರೆಯುವ ಕೈ ನಿನ್ನದು, ಬಾಯಿ ನನ್ನದು. ಇನ್ನು ನಿನ್ನ ಶಾಲೆ ಬೇರೆ, ನನ್ನ ಶಾಲೆ ಬೇರೆ. ಇತಿಹಾಸದ ಮೇಷ್ಟ್ರು ಕಾರಿಡಾರಿನಲ್ಲಿ ಸಿಕ್ಕಾಗಲೆಲ್ಲ, "ಏನಮ್ಮ ರೇಡಿಯೋ, ಶಾಯಿ ಇಲ್ಲದೆ ನಡೆಯುತ್ತಾ?" ಅಂತ ಕೆಣಕುತ್ತಾರೆ. ಹೆಸರಿಟ್ಟದ್ದೂ ಅವರೇ, ಕೆಣಕುವುದೂ ಅವರೇ.

ಮೊದಲ ವರ್ಷ ನೆನಪಿದೆಯಾ? ನನ್ನ ಗಂಟಲು ಕಟ್ಟಿ, ನೀನೇ ಎದ್ದು ಮಾತಾಡಬೇಕಾಯಿತು. 'ಬ' ಬಂದಲ್ಲಿ ನೀನು ನಿಂತುಬಿಟ್ಟೆ. ಒಬ್ಬರು ಮಾತಾಡುವಾಗ ಯಾರೂ ಬಾಯಿ ಹಾಕುವಂತಿಲ್ಲ, ಆದರೆ ಮಾತು ಕೇಳಿಸದಿದ್ದರೆ ಮಾತ್ರ ಫಲಕ ಎತ್ತಿ ತಡೆಯಬಹುದು. ನಾನು ಎತ್ತಿದೆ. "ಕೇಳಿಸುತ್ತಿಲ್ಲ, ಅಧ್ಯಕ್ಷರೇ!" ಗಡಿಯಾರ ನಿಲ್ಲಿಸಿದರು, ಯಾರೋ ಬಂದು ಮೈಕು ತಿರುಚಿದರು, ಅಷ್ಟರಲ್ಲಿ ನೀನು ಬೇರೆ ಪದ ಹುಡುಕಿಕೊಂಡು ಮುಗಿಸಿಯೇಬಿಟ್ಟೆ. ಅವತ್ತು ನಾವು ನಕ್ಕಿದ್ದು! ಆ ನಿಯಮ ಬರೆದ ಪುಣ್ಯಾತ್ಮನಿಗೆ ಒಂದು ಶಾಲು ಹೊದಿಸಬೇಕು.

ನನ್ನ ಭಾಷಣ ಯಾವಾಗ ಕಳಿಸುತ್ತೀಯ?

ನಿನ್ನ
ರೇಡಿಯೋ


ಜುಲೈ ೬

ರೇಡಿಯೋ,

ಶಿಷ್ಟಾಚಾರ ತಪ್ಪಿದ್ದಕ್ಕೆ ಕ್ಷಮೆ ಇರಲಿ. ಸಾಮಾನಿನ ಪೆಟ್ಟಿಗೆಗಳನ್ನು ಬಿಚ್ಚಿ ಮುಗಿಯುವ ಹೊತ್ತಿಗೆ ಶಾಲೆ ತೆರೆಯಿತು.

ನಮ್ಮ ಮನೆ ಸ್ಟೇಷನ್ನಿನ ಹಿಂದಿನ ಕ್ವಾರ್ಟರ್ಸಿನಲ್ಲಿದೆ. ಅಪ್ಪ ಸಿಗ್ನಲ್ ಕೋಣೆಯಿಂದ ಕೈ ಬೀಸಿದರೆ ಅಡುಗೆಮನೆಗೆ ಕಾಣುತ್ತದೆ. ಗೂಡ್ಸ್ ಗಾಡಿ ಹೋದರೆ ಕಿಟಕಿ ಗಡಗಡ ಅನ್ನುತ್ತದೆ, ಕಪಾಟಿನ ಲೋಟಗಳು ಒಂದೊಂದೇ ಅಂಚಿಗೆ ಬರುತ್ತವೆ, ಅಜ್ಜಿ ಎದ್ದು ಹೋಗಿ ಒಳಗೆ ತಳ್ಳುತ್ತಾಳೆ. ಗಾಡಿ ಹೋಗುವಾಗ ಇಲ್ಲಿ ಯಾರೂ ಮಾತಾಡುವುದಿಲ್ಲ. ಅರ್ಧ ವಾಕ್ಯದಲ್ಲೇ ನಿಲ್ಲಿಸಿ, ಕೊನೆಯ ಡಬ್ಬಿ ದಾಟಿದ ಮೇಲೆ ಅಲ್ಲಿಂದಲೇ ಮುಂದುವರಿಸುತ್ತಾರೆ. ಅಂಗಡಿಯವನೂ ಹಾಗೆ, ಪಕ್ಕದ ಮನೆಯ ಅತ್ತೆಯೂ ಹಾಗೆ. ಯಾರಿಗೂ ಅವಸರವಿಲ್ಲ. ನನಗೆ ಈ ಜಾಗ ಹಿಡಿಸಿದೆ.

ಇಲ್ಲಿ ಅಣಕು ವಿಶ್ವಸಂಸ್ಥೆಗೆ ಹೋಗುತ್ತೇನೆ ಅಂದವಳು ನಾನೊಬ್ಬಳೇ. ಆದ್ದರಿಂದ ಬರೆಯುವವಳೂ ನಾನೇ, ಮಾತಾಡುವವಳೂ ನಾನೇ. ಗಾಬರಿಯಾಗಬೇಡ. ನನಗೆ ಸಿಕ್ಕಿರುವುದು ಸಮುದ್ರವೇ ಇಲ್ಲದ ದೇಶ, ಸುತ್ತ ನೆಲವೇ ನೆಲ. ಸರಕು ಸಾಗಿಸಲು ಪಕ್ಕದವರ ಊರಿನ ಮೇಲೆ ಹಾದುಹೋಗಬೇಕು. ಆ ದಾರಿ ಕೊಡಿಸುವುದೇ ಈ ಸಲದ ಚರ್ಚೆ.

ನಿನಗೆ ಭಾಷಣ ಬರೆದುಕೊಡಲು ಈ ಸಲ ಆಗುವುದಿಲ್ಲ. ಕೋಪ ಮಾಡಿಕೊಳ್ಳಬೇಡ. ಶನಿವಾರ ಸಂಜೆ ಒಂದು ಕ್ಲಾಸಿಗೂ ಸೇರಿದ್ದೇನೆ. ಯಾವ ಕ್ಲಾಸು ಅಂತ ಈಗ ಹೇಳುವುದಿಲ್ಲ.

ಶಾಯಿ


ಆಗಸ್ಟ್ ೨೧

ಶಾಯಿ,

ಯಾವ ಕ್ಲಾಸೇ ಅದು? ಟೈಪಿಂಗಾ? ಈಜಾ? ಸಮುದ್ರವಿಲ್ಲದ ದೇಶದವಳಿಗೆ ಈಜು ಯಾಕೆ? ಕಸೂತಿ ಆದರೆ ನನಗೊಂದು ಕರವಸ್ತ್ರ.

ಈಗ ಕುರ್ಚಿ ಗಟ್ಟಿಯಾಗಿ ಹಿಡಿದುಕೋ. ನನಗೆ ಬಂದ ದೇಶ ಯಾವುದು ಗೊತ್ತಾ? ನಿನ್ನ ಪಕ್ಕದ್ದು! ಸಮುದ್ರವೂ ನಮ್ಮದೇ, ದಾರಿಯೂ ನಮ್ಮದೇ. ಇಷ್ಟು ವರ್ಷ ನನ್ನ ಟಿಫಿನ್ ಡಬ್ಬಿಗೆ ಕೈ ಹಾಕಿದ್ದಕ್ಕೆಲ್ಲ ಈಗ ತೀರಿಸಿಕೊಳ್ಳುತ್ತೇನೆ.

ತಮಾಷೆ ಬಿಡು. ನೀನೊಬ್ಬಳೇ ಮಾತಾಡುತ್ತೀಯ ಅಂದದ್ದು ಓದಿ ನನಗೆ ಅನ್ನ ಸೇರಲಿಲ್ಲ. ಒಂದು ಮಾತು ಕೇಳು. ದಾರಿ, ಹಡಗು ಅಂತ ಚರ್ಚೆ ಬಂದ ಮೇಲೆ 'ಬಂದರು' ಅನ್ನದೆ ಆಗುವುದಿಲ್ಲ, ನಿನಗೋ ಬ ಅಂದರೆ ಬೆಟ್ಟ. ಅದಕ್ಕೆ 'ಹಡಗುಕಟ್ಟೆ' ಅನ್ನು. ಅಮ್ಮನನ್ನು, ಇಸ್ತ್ರಿಯ ಅಣ್ಣನನ್ನು, ಇಬ್ಬರು ಗಿರಾಕಿಗಳನ್ನು ಕೇಳಿದೆ, ಎಲ್ಲರಿಗೂ ಅರ್ಥವಾಗುತ್ತದೆ. ಭಾಷಣದಲ್ಲಿ ಬ ಇರುವ ಕಡೆಯೆಲ್ಲ ಹೀಗೆ ಬದಲಿಸಿ ನನಗೆ ಕಳಿಸು, ಇನ್ನೊಮ್ಮೆ ನೋಡಿಕೊಡುತ್ತೇನೆ.

ಇಲ್ಲಿ ನನ್ನದೆಲ್ಲ ಜೋರಾಗಿ ನಡೆಯುತ್ತಿದೆ. ಶಾಲೆಯಲ್ಲಿ ಮೊದಲ ಸುತ್ತು ಆಯಿತು. ಮೇಷ್ಟ್ರು ನನ್ನನ್ನು ನೋಡಿ ಏನೂ ಹೇಳಲಾಗದೆ ಕೂತುಬಿಟ್ಟರು, ಅಂದರೆ ನೋಡಿಕೋ.

ಹೆದರಬೇಡ. ನಾನು ಎದುರಿಗೇ ಇರುತ್ತೇನೆ.

ರೇಡಿಯೋ


ನವೆಂಬರ್ ೯

ರೇಡಿಯೋ,

ಹಡಗುಕಟ್ಟೆ ಒಳ್ಳೆಯ ಪದ. ಇಸ್ತ್ರಿಯ ಅಣ್ಣನಿಗೂ ಗಿರಾಕಿಗಳಿಗೂ ನನ್ನ ಧನ್ಯವಾದ ತಿಳಿಸು. ಆದರೆ ನನಗೆ ಬಂದರೇ ಬೇಕು.

ಚಿಕ್ಕಂದಿನಲ್ಲಿ ಅಂಗಡಿಗೆ ಹೋದರೆ ನನಗೆ ಬೇಕಾಗಿದ್ದದ್ದು ಬಿಸ್ಕತ್ತು. ಕೇಳಲಾಗದೆ ರಸ್ಕ್ ಕೇಳಿ ತರುತ್ತಿದ್ದೆ. ಅಜ್ಜಿ ಎಲ್ಲರಿಗೂ, "ನಮ್ಮ ಹುಡುಗಿಗೆ ರಸ್ಕ್ ಅಂದ್ರೆ ಪ್ರಾಣ" ಅಂತ ಹೇಳಿಕೊಂಡು ತಿರುಗುತ್ತಿದ್ದಳು. ಈಗಲೂ ಊರಿಂದ ಬರುವವರು ನನಗೆ ರಸ್ಕ್ ತರುತ್ತಾರೆ. ನನಗೆ ರಸ್ಕ್ ಕಂಡರೆ ಆಗುವುದಿಲ್ಲ ಕಣೇ. ಇದನ್ನು ನಿನಗೂ ಹೇಳಿರಲಿಲ್ಲ ಅಲ್ಲವಾ?

ಭಾಷಣ ಕಳಿಸುವುದಿಲ್ಲ. ಅಲ್ಲೇ ಕೇಳು. ಎದುರಿಗೇ ಇರುತ್ತೇನೆ ಅಂದೆಯಲ್ಲ, ಅಷ್ಟು ಸಾಕು. ನಿನಗೊಂದು ಅಚ್ಚರಿ ಕಾದಿದೆ.

ಶಾಯಿ


ಡಿಸೆಂಬರ್ ೧೭

ಶಾಯಿ,

ಎಲ್ಲಿ ಮಾಯವಾದೆಯೇ? ಮತದಾನ ಮುಗಿದದ್ದೇ ತಡ, ನಿನ್ನ ಕುರ್ಚಿ ಖಾಲಿ. ಊಟದ ಹಾಲಿನಲ್ಲಿ ಎರಡು ತಟ್ಟೆ ಹಿಡಿದು ಬಾಗಿಲು ನೋಡುತ್ತಾ ನಿಂತಿದ್ದೆ. ಕೊನೆಗೆ ನಿಮ್ಮ ಮೇಡಂ, "ತಲೆನೋವು ಅಂತ ಬಸ್ಸಲ್ಲಿ ಕೂತಿದ್ದಾಳಮ್ಮ" ಅಂದರು. ತಟ್ಟೆ ಅಲ್ಲೇ ಇಟ್ಟು ಓಡಿದೆ, ಬಸ್ಸು ಗೇಟು ದಾಟುತ್ತಿತ್ತು. ಇನ್ನು ವರ್ಷಕ್ಕೊಂದು ಸಲ ಸಿಗುವುದು, ಅದರಲ್ಲೂ ತಲೆನೋವೇ!

ಎಷ್ಟು ಚೆನ್ನಾಗಿ ಮಾತಾಡಿದೆ ನೀನು! ನನ್ನ ಪಕ್ಕದವಳಿಗೆ, "ನನ್ನ ಗೆಳತಿ, ನನ್ನ ಗೆಳತಿ" ಅಂತ ಮೊಣಕೈಯಲ್ಲಿ ತಿವಿದು ತಿವಿದು ಅವಳ ತೋಳು ಕೆಂಪಾಯಿತು. ಅಲ್ಲಲ್ಲಿ ನಿಂತೆ, ಮತ್ತೆ ಹೊರಟೆ, ಪರವಾಗಿಲ್ಲ. ಆದರೆ ಕೊನೆಗೆ "ನಮಗೆ ನಿಮ್ಮ ಸಮುದ್ರ ಬೇಡ. ನಿಮ್ಮ..." ಅಂತ ನಿಂತೆಯಲ್ಲ, ನನ್ನ ಜೀವ ಬಾಯಿಗೆ ಬಂತು. ಹಡಗುಕಟ್ಟೆ ಅನ್ನೇ, ಅನ್ನೇ ಅಂತ ಒಳಗೊಳಗೇ ಬಡಕೊಂಡೆ. ಯಾರದೋ ಕುರ್ಚಿ ಕಿರುಗುಟ್ಟಿತು. ಅಧ್ಯಕ್ಷರು ಗಡಿಯಾರ ನೋಡಿದರು. ಇನ್ನು ನನ್ನಿಂದ ಆಗಲಿಲ್ಲ, ಫಲಕ ಎತ್ತಿಯೇಬಿಟ್ಟೆ.

"ಭಾಷಣಕಾರರ ಮಾತು ಕೇಳಿಸುತ್ತಿಲ್ಲ, ಅಧ್ಯಕ್ಷರೇ!"

ನಮ್ಮ ಹಳೇ ಉಪಾಯ! ಹಿಂದಿನ ಸಾಲಿನ ಹುಡುಗರು ಕಿಸಕ್ಕನೆ ನಕ್ಕರು, ಅವರ ಬಾಯಿಗೆ ಮಣ್ಣು ಬೀಳ. ಗಡಿಯಾರ ನಿಂತಿತು, ಅಧ್ಯಕ್ಷರು ನಿನಗೆ ಮೈಕಿನ ಹತ್ತಿರ ಬನ್ನಿ ಅಂದರು. ಬೇಕಾದಷ್ಟು ಹೊತ್ತು ಸಿಕ್ಕಿತ್ತು ಕಣೇ. ನೀನು ನನ್ನ ಕಡೆ ನೋಡಿ, "ಉಳಿದ ಸಮಯವನ್ನು ಅಧ್ಯಕ್ಷರಿಗೆ ಬಿಟ್ಟುಕೊಡುತ್ತೇನೆ" ಅಂತ ಹೇಳಿ ಇಳಿದುಬಿಟ್ಟೆ. ಅಷ್ಟನ್ನೂ ಒಂದೇ ಉಸಿರಿಗೆ, ಎಲ್ಲೂ ತಡೆಯದೆ ಹೇಳಿದೆ, ಗಮನಿಸಿದೆಯಾ?

ನಿರ್ಣಯ ಬಿದ್ದುಹೋದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ನಾನು ನಿನ್ನ ಪರವೇ ಕೈ ಎತ್ತಿದೆ, ನಮ್ಮ ದೇಶದ ಹಿತ ಹಾಳಾಗಿ ಹೋಗಲಿ ಅಂತ. ಮೇಷ್ಟ್ರು ದಾರಿಯುದ್ದಕ್ಕೂ ಬೈದರು. ನೀನು ಹೇಳಿದ್ದ ಅಚ್ಚರಿ ಏನು ಅಂತ ಕೇಳಲೂ ಆಗಲಿಲ್ಲ.

ಬೇಗ ಬರಿ.

ರೇಡಿಯೋ


ಜನವರಿ ೨೦

ಶಾಯಿ,

ತಲೆನೋವು ಇನ್ನೂ ಬಿಟ್ಟಿಲ್ಲವೇನೇ? ದಿನಾ ಅಂಚೆಯವನ ಸೈಕಲ್ ಬೆಲ್ಲಿಗೆ ಓಡಿ ಬರುತ್ತೇನೆ, ಬರುವುದು ಸೋಪಿನ ಪುಡಿ ಕಂಪನಿಯ ಕಾಗದ. ಹುಷಾರಿಲ್ಲವಾ? ಅಜ್ಜಿ ಚೆನ್ನಾಗಿದ್ದಾಳಾ? ನಾನೇನಾದರೂ ತಪ್ಪು ಮಾಡಿದ್ದರೆ ಬೈದು ಬರಿ, ಮಾತು ಬಿಡಬೇಡ.

ರೇಡಿಯೋ


ಫೆಬ್ರವರಿ ೩

ರೇಡಿಯೋ,

ಬೈದು ಬರಿ ಅಂದೆ. ಬರೆಯುತ್ತಿದ್ದೇನೆ.

ಶನಿವಾರದ ಕ್ಲಾಸು ಯಾವುದು ಅಂತ ಕೇಳಿದ್ದೆ. ಇಲ್ಲಿನ ಆಸ್ಪತ್ರೆಯಲ್ಲಿ ಮಾತು ಸರಿಮಾಡುವ ಮೇಡಂ ಒಬ್ಬರಿದ್ದಾರೆ. ಸರಿಮಾಡುವುದು ಅಂತ ನಾವು ಅನ್ನುತ್ತೇವೆ, ಅವರು ಅನ್ನುವುದಿಲ್ಲ. ಮೊದಲ ದಿನವೇ, "ನಿನ್ನ ಮಾತು ಕೆಟ್ಟಿಲ್ಲಮ್ಮ, ನೀನು ಅದರಿಂದ ಓಡಿ ಓಡಿ ಸುಸ್ತಾಗಿದ್ದೀಯ" ಅಂದರು. ಪದ ಬದಲಿಸಬೇಡ, ತಡೆದಲ್ಲಿ ನಿಲ್ಲು, ಉಸಿರು ಬಿಡು, ಕಾಯಿ, ಬಂದೇ ಬರುತ್ತದೆ ಅಂತ ಕಲಿಸಿದರು. ಕೇಳುವವರಿಗೆ ಕಷ್ಟವಾದರೆ ಅದು ಅವರ ಪಾಡು ಅಂದರು. ಆರು ತಿಂಗಳು ಕಲಿತೆ. ಗೂಡ್ಸ್ ಗಾಡಿ ಹೋಗುವಾಗ ಯಾರಿಗೂ ಕೇಳಿಸದ ಹಾಗೆ ಕೂಗಿ ಕೂಗಿ ಕಲಿತೆ.

ಭಾಷಣಕ್ಕೆ ಕೊಡುವ ತೊಂಬತ್ತು ಸೆಕೆಂಡಿಗೆ ನಾನು ಬರೆದದ್ದು ಅರ್ಧ ಪುಟ. ಉಳಿದ ಹೊತ್ತನ್ನು ಕಾಯುವುದಕ್ಕೆ ಅಂತಲೇ ಇಟ್ಟುಕೊಂಡಿದ್ದೆ. ಕೊನೆಯ ವಾಕ್ಯವನ್ನು ಬೇಕೆಂದೇ ಬಂದರಿನ ಮೇಲೆ ಕಟ್ಟಿದ್ದೆ, ನೀನು ಎದುರಿಗೆ ಕೂತು ಅದನ್ನು ಕೇಳಬೇಕು ಅಂತ. ನಿನಗೆ ಇಟ್ಟಿದ್ದ ಅಚ್ಚರಿ ಅದೇ.

ನಾನು ಸಿಕ್ಕಿಹಾಕಿಕೊಂಡಿರಲಿಲ್ಲ, ರೇಡಿಯೋ. ಕಾಯುತ್ತಿದ್ದೆ. ತುಟಿ ಕೂಡಿಯಾಗಿತ್ತು. ಇನ್ನೇನು ಬಂತು ಅನ್ನುವಾಗ ನೀನು ಎದ್ದೆ.

ಅವರು ನಕ್ಕದ್ದು ನನಗೆ ಹೊಸದಲ್ಲ, ನಗುವವರು ಎಲ್ಲ ಊರಲ್ಲೂ ಇದ್ದಾರೆ. ಆದರೆ ಆ ಹಾಲಿನಲ್ಲಿ ನನ್ನ ಮಾತು ಕೇಳಿಸುತ್ತಿಲ್ಲ ಅಂದವಳು ನೀನು. ಎಷ್ಟು ಹೊತ್ತಾದರೂ ಕೇಳುವವಳು ನೀನೊಬ್ಬಳು ಅಂತ ನಂಬಿದ್ದೆ. ನಿನ್ನ ದೇಶಕ್ಕೆ ದಾರಿ ಬಿಟ್ಟುಕೊಡುವುದು ಬೇಡವಾಗಿತ್ತು, ಅದಕ್ಕೇ ಹೀಗೆ ಮಾಡಿದಳೇ ಅಂತಲೂ ಒಂದು ರಾತ್ರಿ ಅನ್ನಿಸಿತು. ಅನ್ನಿಸಿದ್ದನ್ನು ಮುಚ್ಚಿಡುವುದಿಲ್ಲ.

ಉತ್ತರ ಬರೆಯಬೇಡ. ಸಭೆಯಲ್ಲಿ ಉತ್ತರ ಕೊಡುವ ಹಕ್ಕು ಒಂದು ಸಲ, ಉತ್ತರಕ್ಕೆ ಉತ್ತರವಿಲ್ಲ. ನಿಯಮ ನಿನಗೂ ಗೊತ್ತು.

ಶಾಯಿ


ಫೆಬ್ರವರಿ ೧೦

ಶಾಯಿ,

ನಿಯಮ ಮುರಿಯುತ್ತಿದ್ದೇನೆ, ಸಭೆಯಿಂದ ಹೊರಗೆ ಹಾಕು.

ದೇಶ ಗೀಶ ಏನೂ ಇಲ್ಲ ಕಣೇ, ನನ್ನಾಣೆ. ನಿನ್ನ ಪರ ಕೈ ಎತ್ತಿದೆನಲ್ಲ. ಆದರೆ ನೀನು ಮುಚ್ಚಿಡುವುದಿಲ್ಲ ಅಂದ ಮೇಲೆ ನಾನು ಹೇಗೆ ಮುಚ್ಚಿಡಲಿ? ನನ್ನದೆಲ್ಲ ಜೋರಾಗಿ ನಡೆಯುತ್ತಿದೆ ಅಂತ ಬರೆದೆನಲ್ಲ, ಬರೀ ಸುಳ್ಳು. ನೀನು ಹೋದ ಮೇಲೆ ನನ್ನ ಕೈಲಿ ಒಂದು ಭಾಷಣ ಹುಟ್ಟಲಿಲ್ಲ. ಮೊದಲ ಸುತ್ತಿನಲ್ಲಿ ನಿಂತೆ, ದನಿ ಬಂತು, ಹೇಳಲಿಕ್ಕೆ ಏನೂ ಇರಲಿಲ್ಲ. ಮೇಷ್ಟ್ರು ಏನೂ ಹೇಳಲಾಗದೆ ಕೂತದ್ದು ಅದಕ್ಕೆ. ಡಿಸೆಂಬರಿನಲ್ಲಿ ನನ್ನನ್ನು ಕಳಿಸಿದ್ದು, ಹೋಗಬೇಕಾಗಿದ್ದ ಹುಡುಗಿಗೆ ಜ್ವರ ಬಂತು ಅಂತ.

ಆ ಎರಡು ದಿನ ಪೂರ್ತಿ ನಾನು ಬಾಯಿ ಬಿಡಲಿಲ್ಲ, ನೋಡಿದೆಯಾ? ನಾನು ಫಲಕ ಎತ್ತಿದ್ದು ಅದೊಂದೇ ಸಲ.

ಇನ್ನೂ ಒಂದು ಹೇಳಿಬಿಡುತ್ತೇನೆ, ಆಮೇಲೆ ಧೈರ್ಯ ಸಾಲದು. ನೀನು ನಿಂತಾಗ ನನಗೆ ಅಯ್ಯೋ ಪಾಪ ಅನ್ನಿಸಿತು, ಅದು ನಿಜ. ಅದರ ಹಿಂದೆಯೇ ಒಳಗೆಲ್ಲೋ ಸಂತೋಷವೂ ಆಯಿತು. ಸದ್ಯ, ಇವಳಿಗೆ ಇನ್ನೂ ನಾನು ಬೇಕು ಅಂತ. ಇದನ್ನು ಬರೆಯುವಾಗ ನನ್ನ ಮೇಲೆ ನನಗೇ ಅಸಹ್ಯವಾಗುತ್ತಿದೆ. ನಿನ್ನ ಬಾಯಿಯ ಮಾತನ್ನು ಕಿತ್ತುಕೊಂಡು ನನ್ನ ಹೊಟ್ಟೆ ತುಂಬಿಸಿಕೊಂಡೆ. ನೀನಾದರೂ ಶನಿವಾರದ ಕ್ಲಾಸು ಇಂಥದ್ದು ಅಂತ ಒಂದು ಸಾಲು ಬರೆಯಬಾರದಿತ್ತಾ? ಇಲ್ಲ, ಅಳಿಸಿಬಿಡು. ನೀನು ಬರೆದಿದ್ದರೂ ನಾನು ಏಳುತ್ತಿದ್ದೆನೋ ಏನೋ.

ತಪ್ಪಾಯಿತು ಶಾಯಿ.

ರೇಡಿಯೋ


ಮಾರ್ಚ್ ೧೬

ಶಾಯಿ,

ತಿಂಗಳಾಯಿತು. ಸರಿ, ನೀನು ಬರೆಯುವುದಿಲ್ಲ, ನಾನು ಬಿಡುವುದಿಲ್ಲ. ಸುಮ್ಮನೆ ಊರಿನ ಸುದ್ದಿ ಬರೆಯುತ್ತೇನೆ, ಓದಿ ಹರಿದುಹಾಕು.

ಪರೀಕ್ಷೆ ಮುಗಿಯಿತು. ಲೆಕ್ಕದಲ್ಲಿ ದೇವರೇ ಗತಿ. ಸಂಜೆ ಹೊತ್ತು ಕೌಂಟರಿನಲ್ಲಿ ಕೂರುವ ಕೆಲಸ ನನಗೆ ಬಿದ್ದಿದೆ. ಕಳೆದ ಮಂಗಳವಾರ ಒಬ್ಬ ಮಹಾರಾಯ ಕೋಟಿನ ಗುಂಡಿ ಕಿತ್ತುಹೋಗಿದೆ ಅಂತ ಊರೇ ಕೇಳುವ ಹಾಗೆ ಕೂಗಾಡುತ್ತಿದ್ದ. ಒಳಗೆ ಇಸ್ತ್ರಿ ಯಂತ್ರ ಬುಸ್ ಅನ್ನುತ್ತಿತ್ತು, ಅಮ್ಮ ರಸೀದಿ ಎಲ್ಲಿ ಅಂತ ಅರಚುತ್ತಿದ್ದಳು, ಅದೇ ಹೊತ್ತಿಗೆ ಫೋನು. ಎತ್ತಿ ಹಲೋ ಅಂದೆ. ಉಸಿರು ಬಿಟ್ಟರೆ ಮಾತಿಲ್ಲ. ಮತ್ತೆ ಹಲೋ ಅಂದೆ, ಮತ್ತೂ ಅಂದೆ. ಯಾವನೋ ಕೆಲಸವಿಲ್ಲದವನು! "ರೀ, ಬಾಯಿ ಇಲ್ದಿದ್ಮೇಲೆ ಫೋನ್ ಯಾಕ್ರೀ ಮಾಡ್ತೀರಿ?" ಅಂತ ಗದರಿಸಿ ಕುಕ್ಕಿದೆ ನೋಡು, ಕೋಟಿನವನೂ ಗುಂಡಿ ಬೇಡ ಅಂತ ಹೊರಟುಹೋದ. ನೀನಿದ್ದಿದ್ದರೆ ನಗುತ್ತಿದ್ದೆ.

ನೀನಿದ್ದಿದ್ದರೆ ಅನ್ನುವುದು ನನಗೆ ಚಟವಾಗಿಬಿಟ್ಟಿದೆ.

ರೇಡಿಯೋ


ಮಾರ್ಚ್ ೨೭

ರೇಡಿಯೋ,

ಮಂಗಳವಾರ ಸಂಜೆ ಫೋನ್ ಮಾಡಿದ್ದು ನಾನು.

ಸ್ಟೇಷನ್ನಿನ ಹೊರಗೆ ಒಂದು ಬೂತ್ ಇದೆ. ನಿನ್ನ ಫೆಬ್ರವರಿಯ ಕಾಗದಕ್ಕೆ ಕಾಗದದಲ್ಲಿ ಉತ್ತರ ಕೊಟ್ಟರೆ ಸಾಲದು ಅನ್ನಿಸಿತು. ಡಿಸೆಂಬರಿನಲ್ಲಿ ಉಳಿದುಹೋದ ಆ ವಾಕ್ಯವನ್ನು ನಿನಗೊಬ್ಬಳಿಗಾದರೂ ಹೇಳಿಬಿಡೋಣ, ಆಮೇಲೆ ಎಲ್ಲ ಮರೆತು ನಗೋಣ ಅಂತ ಹೋದೆ. ಬೂತಿನವನ ಮುಂದೆ ನಾಚಿಕೆಯಾಗಿ ಎರಡು ದಿನ ವಾಪಸು ಬಂದಿದ್ದೆ. ನೀನು ಹಲೋ ಅಂದಾಗ ಮನೆಯ ವಾಸನೆಯೇ ಬಂದ ಹಾಗಾಯಿತು. ಮೂರನೇ ಹಲೋಗೆ ತುಟಿ ಕೂಡುತ್ತಿತ್ತು.

ನಿನಗೆ ಗೊತ್ತಿರಲಿಲ್ಲ. ಗೊತ್ತು, ನಿನಗೆ ಗೊತ್ತಿರಲಿಲ್ಲ. ಅದಕ್ಕೆ ಸಿಟ್ಟಿಲ್ಲ. ಸುಸ್ತಾಗಿದೆ ಅಷ್ಟೇ. ಇನ್ನು ಮಾಡುವುದಿಲ್ಲ.

ಅಪ್ಪನಿಗೆ ಮತ್ತೆ ವರ್ಗವಾಗಿದೆ. ಏಪ್ರಿಲ್ ಕೊನೆಗೆ ಹೊರಡುತ್ತೇವೆ. ಹೊಸ ಊರಿನಲ್ಲಿ ಮನೆ ಇನ್ನೂ ಗೊತ್ತಾಗಿಲ್ಲ.

ಶಾಯಿ


ಏಪ್ರಿಲ್ ೨

ಶಾಯಿ,

ಏನು ಬರೆಯಲಿ? ಕಾಗದ ಓದಿ ಕೌಂಟರಿನ ಕೆಳಗೆ ಕೂತು ಅತ್ತೆ. ಅಮ್ಮ ಬಗ್ಗಿ ನೋಡಿ ಅಂಗಡಿಯ ಬಾಗಿಲು ಅರ್ಧ ಎಳೆದಳು.

ಒಂದೇ ಒಂದು ಬೇಡಿಕೆ. ಭಾನುವಾರ ಲಾಂಡ್ರಿಗೆ ರಜೆ. ಇಸ್ತ್ರಿ ಯಂತ್ರ ಆರಿರುತ್ತದೆ, ಗಿರಾಕಿಗಳಿರುವುದಿಲ್ಲ. ಇನ್ನು ಪ್ರತಿ ಭಾನುವಾರ ನಾನು ಫೋನಿನ ಪಕ್ಕದಲ್ಲೇ ಇರುತ್ತೇನೆ. ರಿಂಗಾದರೆ ಎತ್ತುತ್ತೇನೆ, ಹಲೋ ಕೂಡ ಅನ್ನುವುದಿಲ್ಲ. ನೀನಾಗಿ ಇಡುವ ತನಕ ಇಡುವುದಿಲ್ಲ. ಗಡಿಯಾರವಿಲ್ಲ, ಸುತ್ತಿಗೆ ಬಡಿಯುವ ಅಧ್ಯಕ್ಷರಿಲ್ಲ. ನೀನು ಮಾಡಲೇಬೇಕು ಅಂತಿಲ್ಲ. ಮಾಡದಿದ್ದರೂ ಕೂತಿರುತ್ತೇನೆ.

ರೇಡಿಯೋ


ಮೇ ೫

ಶಾಯಿ,

ನೀನು ಈಗ ಆ ಊರಿನಲ್ಲಿಲ್ಲ ಅಂತ ಗೊತ್ತು. ಹಳೇ ವಿಳಾಸಕ್ಕೇ ಹಾಕುತ್ತಿದ್ದೇನೆ. ಸ್ಟೇಷನ್ನಿನವರು ಯಾರಾದರೂ ನಿಮ್ಮಪ್ಪನ ಹೊಸ ಆಫೀಸಿಗೆ ಕಳಿಸಿದರೆ ನಿನ್ನ ಪುಣ್ಯ, ನನ್ನ ಪುಣ್ಯ.

ಏಪ್ರಿಲಿನ ಭಾನುವಾರಗಳ ಕಥೆ ಕೇಳು. ಮೊದಲ ವಾರ ಫೋನ್ ಬಂತು, ಎತ್ತಿ ಕಿವಿಗೆ 
ಹಿಡಿದು ಸುಮ್ಮನೆ ಕೂತೆ. ಆ ಕಡೆಯಿಂದ, "ಹಲೋ, ಲಾಂಡ್ರೀನಾ? ಹಲೋ? ಬಾಯಿ ಇಲ್ವೇನ್ರೀ ನಿಮಗೆ? ಫೋನ್ ಯಾಕ್ರೀ ಎತ್ತುತ್ತೀರಿ?" ಅಂತ ಬೈದು ಇಟ್ಟರು. ಪ್ಯಾಂಟು ಕೊಟ್ಟವರಿರಬೇಕು. ನನ್ನ ಮಾತು ನನಗೇ ವಾಪಸು ಬಂತು. ಬೈಸಿಕೊಂಡದ್ದು ನನಗೆ ಸಮಾಧಾನವೇ ಆಯಿತು. ಅಮ್ಮ, "ನನ್ನ ವ್ಯಾಪಾರಕ್ಕೆ ನೀರು ಬಿಡ್ತೀಯ ಕಣೇ" ಅಂದಳು, ಆದರೆ ತಾನು ಎತ್ತಲು ಹೋಗಲಿಲ್ಲ. ಆಮೇಲೆ ಎರಡು ಭಾನುವಾರ ಏನೂ ಇಲ್ಲ.

ಕೊನೆಯ ಭಾನುವಾರ ಬೆಳಿಗ್ಗೆ ಬಂತು. ಎತ್ತಿದೆ. ಉಸಿರು ಕೇಳಿಸಿತು. ನೀನೇ ಅಂತ ಗೊತ್ತಾಯಿತು, ಆದರೆ ಹೇಗೆ ಅಂತ ಕೇಳಬೇಡ. "ನಮಗೆ ನಿಮ್ಮ ಸಮುದ್ರ ಬೇಡ" ಅಂದೆ ನೀನು. "ನಿಮ್ಮ" ಅಂದೆ. ನಿಂತೆ.

ನನ್ನ ಬಾಯಿಗೆ ಏನೇನು ಬಂತು ಅಂತ ಹೇಳಲಾ? ಹೇಳೇ, ನಾನಿದ್ದೀನಿ, ಪರವಾಗಿಲ್ಲ, ಮೆಲ್ಲಗೆ, ಎಲ್ಲವೂ ನಾಲಗೆ ತುದಿಗೆ ಬಂತು. ಸೆರಗು ಬಾಯಿಗೆ ತುರುಕಿಕೊಳ್ಳೋಣ ಅಂದರೆ ನಾನು ತೊಟ್ಟದ್ದು ಫ್ರಾಕು. ಕೌಂಟರಿನ ಮೇಲೆ ಯಾರದೋ ಒಗೆದ ಟವೆಲ್ ಇತ್ತು, ಅದನ್ನೇ ಕಚ್ಚಿ ಹಿಡಿದೆ. ನಿನ್ನ ಕಡೆ ಗೂಡ್ಸ್ ಗಾಡಿ ಬಂತು. ಎಷ್ಟು ಡಬ್ಬಿಗಳೋ ಮಹರಾಯ್ತಿ, ಮುಗಿಯಲೇ ಇಲ್ಲ. ನಿಮ್ಮ ಅಂಗಡಿಯವರು, ಪಕ್ಕದ ಮನೆಯ ಅತ್ತೆ, ಎಲ್ಲರೂ ಹೀಗೇ ನಿಂತಿರುತ್ತಾರಲ್ಲ ಅಂದುಕೊಂಡೆ. ಕೊನೆಯ ಡಬ್ಬಿಯೂ ಹೋಯಿತು. ಆಮೇಲೂ ಏನೂ ಇಲ್ಲ. ಅಷ್ಟು ಹೊತ್ತಿನಲ್ಲಿ ನನಗೆ ತಿಳಿಯಿತು ಕಣೇ. ಆ ಮೌನದೊಳಗೆ ನೀನಿದ್ದೆ. ಡಿಸೆಂಬರಿನಲ್ಲೂ ಇದ್ದೆ.

"ಬಂದರಿನ ತನಕ ಒಂದು ದಾರಿ ಕೊಡಿ ಸಾಕು."

ಅಷ್ಟು ಹೇಳಿ ನೀನು ಇಟ್ಟುಬಿಟ್ಟೆ.

ಉತ್ತರಕ್ಕೆ ಕಾಯಲಿಲ್ಲ. ಸರಿಯೇ, ನನ್ನ ಹಕ್ಕು ನಾನು ಯಾವಾಗಲೋ ಕಳೆದುಕೊಂಡಿದ್ದೇನೆ. ಅಮ್ಮ ಬಂದು, "ಯಾರೇ ಅದು, ಏನಂದ್ರು?" ಅಂತ ಕೇಳಿದಾಗ ನನ್ನ ಬಾಯಿಂದ ಒಂದು ಮಾತು ಹೊರಡಲಿಲ್ಲ. ನೋಡು, ರೇಡಿಯೋಗೆ ಕೊನೆಗೂ ಹೀಗಾಯಿತು. ನಾವು ಮತ್ತೆ ಒಂದೇ ಫಲಕದ ಹಿಂದೆ ಕೂರುವುದಿಲ್ಲ ಅಂತ ಗೊತ್ತು. ಮುಂದಿನ ವರ್ಷ ನಮಗೆ ಸಭೆಯ ವಯಸ್ಸೂ ಮೀರುತ್ತದೆ. ಈ ಕಾಗದ ನಿನ್ನ ಕೈ ಸೇರುತ್ತದೆಯೋ ಇಲ್ಲವೋ, ಅದೂ ಗೊತ್ತಿಲ್ಲ.

ಆದರೂ ಅಧ್ಯಕ್ಷರ ಅಪ್ಪಣೆ ಇಲ್ಲದೆ, ಫಲಕ ಎತ್ತದೆ, ನಿನ್ನ ಮಾತು ಪೂರ್ತಿ ಮುಗಿದ ಮೇಲೆ ಹೇಳುತ್ತಿದ್ದೇನೆ.

ಕೇಳಿಸಿತು, ಶಾಯಿ.

ರೇಡಿಯೋ